ಚಿತ್ರ ಮಸುಕಾಗಿದೆ ಎಂಬ ದೂರು

"ನನ್ನನ್ನೇ ನೋಡಿ."

ಅವನು ನೋಡಲಿಲ್ಲ. ಕಿಟಕಿ ನೋಡಿದ, ನೆಲ ನೋಡಿದ, ಮೇಜಿನ ಮೇಲಿದ್ದ ಬಣ್ಣದ ಬಟ್ಟಲುಗಳನ್ನು ಒಂದೊಂದಾಗಿ ನೋಡಿದ.

"ರೀ... ನನ್ನನ್ನ ನೋಡಿ ಅಂದೆ. ನಾನೇನು ಕಚ್ಚಲ್ಲ!"

"ಕನ್ನಡಕ ಹಾಕ್ಕೊಂಡೇ ನೋಡಬಹುದಾ ಮೇಡಮ್?"

"ಕಪ್ಪು ಕನ್ನಡಕದ ಹಿಂದಿರೋ ಕಣ್ಣಿನ ಬಣ್ಣ ಹೇಗ್ರೀ ಬಿಡಿಸ್ಲಿ? ನನಗೇನು ದಿವ್ಯದೃಷ್ಟಿ ಇದೆಯಾ?"

ನಾಲ್ಕನೇ ಸಲ ಕೇಳಿದ ಮೇಲೆ ಅವನು ಕನ್ನಡಕ ತೆಗೆದ. ತೆಗೆದು ಮಡಚಿ ಜೇಬಿಗೆ ಹಾಕಲು ಅಷ್ಟು ಹೊತ್ತು ತೆಗೆದುಕೊಂಡ ಮನುಷ್ಯನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಬಲಗಣ್ಣು ಚೆನ್ನಾಗಿತ್ತು. ಎಡಗಣ್ಣಿರಲಿಲ್ಲ. ಅದರ ಜಾಗದಲ್ಲಿ ವೈದ್ಯರು ತಾತ್ಕಾಲಿಕವಾಗಿ ಕೂರಿಸಿದ್ದ ಬಣ್ಣವಿಲ್ಲದ ಪ್ಲಾಸ್ಟಿಕ್ಕಿನ ಚಿಪ್ಪು. ಅದರ ಮೇಲೆ ಸ್ವಲ್ಪ ಇಳಿಬಿದ್ದ ರೆಪ್ಪೆ.

ಇವಳ ಕೆಲಸವೇ ಅದು. ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೂತು, ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು. ಇರುವ ಕಣ್ಣನ್ನು ನೋಡಿ, ಇಲ್ಲದ ಕಣ್ಣನ್ನು ಬರೆಯುವುದು. ಅಂಗಿ ಗುಂಡಿಯಷ್ಟು ಬಿಲ್ಲೆಯ ಮೇಲೆ ಮೂರೇ ಕೂದಲಿನ ಬ್ರಷ್ಷಿನಿಂದ ಬಣ್ಣದ ಮೇಲೆ ಬಣ್ಣ ಇಡಬೇಕು. ಬಿಳಿ ಭಾಗದ ರಕ್ತನಾಳಕ್ಕೆ ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದ ಅವಳನ್ನು ಆಸ್ಪತ್ರೆಯ ನರ್ಸುಗಳೆಲ್ಲ ಕರೆಯುತ್ತಿದ್ದುದು ಬಣ್ಣದಕ್ಕ ಎಂದು.

ಹನ್ನೊಂದು ವರ್ಷದಲ್ಲಿ ಎಷ್ಟು ನೂರು ಜನರ ಎದುರು ಒಂದು ಗೇಣು ದೂರದಲ್ಲಿ ಕೂತಿದ್ದಳೋ! ಎಂದೂ ಬಣ್ಣ ತಪ್ಪಿರಲಿಲ್ಲ.

ಅವನು ಕೊನೆಗೂ ತಲೆ ಎತ್ತಿ ನೋಡಿದ. ನೋಡಿದ್ದೇ ತಡ, ಬ್ರಷ್ಷನ್ನು ಯಾವ ಬಟ್ಟಲಿನಲ್ಲಿ ಅದ್ದಬೇಕೆಂಬುದೇ ಅವಳಿಗೆ ಮರೆತುಹೋಯಿತು.

'ಇದೇನೇ ನಿನ್ನ ಅವತಾರ? ಕೆಲಸ ನೋಡು, ಕೆಲಸ!' ಎಂದು ತನ್ನನ್ನೇ ಗದರಿಕೊಂಡಳು.

"ಮೇಡಮ್, ಉಸಿರಾಡಬಹುದಾ?"

"ಏನು?"

"ಅಲ್ಲಾಡಬೇಡಿ ಅಂದ್ರಲ್ಲ. ಅದಕ್ಕೆ ಆಗಿನಿಂದ ಹಿಡ್ಕೊಂಡಿದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆದರೆ ನಗುವಾಗ ಎಡಗೈ ತಾನಾಗಿಯೇ ಮೇಲೆದ್ದು ಎಡಗಣ್ಣನ್ನು ಮುಚ್ಚಿಕೊಂಡಿತು. ಅದನ್ನು ಕಂಡು ಅವಳ ನಗು ನಿಂತಿತು.

ಅವನು ಇಂಟರ್ನೆಟ್ ಕಂಪನಿಯ ಲೈನ್‌ಮ್ಯಾನ್. ಕಂಬ ಹತ್ತಿ ಕೇಬಲ್ ಎಳೆಯುವ ಕೆಲಸ. ಏಳು ತಿಂಗಳ ಹಿಂದೆ ಬಿಗಿಯಾಗಿ ಎಳೆದಿದ್ದ ತಂತಿಯೊಂದು ಕಿತ್ತು ಬಂದು ಮುಖಕ್ಕೆ ಬೀಸಿತ್ತು. ಈಗ ಕಂಪನಿಯವರು ಕಂಬದಿಂದ ಇಳಿಸಿ, ರೈಲಿನಲ್ಲಿ ಎಂಟು ಗಂಟೆ ದೂರದ ಊರಿನ ದೂರು ಕೇಂದ್ರದಲ್ಲಿ, ಏಳನೇ ನಂಬರಿನ ಮೇಜಿಗೆ ಕೂರಿಸಿದ್ದರು. ನೆಟ್ ಬರುತ್ತಿಲ್ಲ ಎಂದು ಜನ ಬೈದರೆ ಬೈಸಿಕೊಳ್ಳುವುದು, ರೌಟರ್ ಆಫ್ ಮಾಡಿ ಆನ್ ಮಾಡಿ ಎನ್ನುವುದು. ಆ ಊರಿನಲ್ಲಿ ಅಕ್ಕನ ಮನೆಯಿತ್ತು, ಅಲ್ಲೇ ಉಳಿದುಕೊಂಡಿದ್ದ.

ಅಷ್ಟರಲ್ಲಿ ಮೋಡ ಕವಿದು ಕಿಟಕಿಯ ಬೆಳಕು ಸತ್ತುಹೋಯಿತು. ಕಣ್ಣಿನ ಬಣ್ಣವನ್ನು ದೀಪದಲ್ಲಿ ನೋಡುವ ಹಾಗಿಲ್ಲ, ಹಗಲಿನ ಬೆಳಕೇ ಬೇಕು.

"ನಾಳೆ ಬನ್ನಿ."

"ಮಧ್ಯಾಹ್ನದ ರೈಲಿಗೆ ಹೋಗಲೇಬೇಕು ಮೇಡಮ್. ಹೊಸ ಕೆಲಸ, ಮೂರು ತಿಂಗಳು ರಜೆ ಇಲ್ಲ."

"ಹಾಗಾದ್ರೆ ಒಂದು ಫೋಟೋ ತಕ್ಕೋತೀನಿ. ಅಳತೆಯ ಅಚ್ಚು ಹೇಗೂ ಆಗಿದೆ, ಬಣ್ಣ—"

"ಫೋಟೋ ಬೇಡ!"

ದನಿ ಎಷ್ಟು ಜೋರಾಗಿತ್ತೆಂದರೆ, ಮೂಲೆಯಲ್ಲಿದ್ದ ದೊಡ್ಡಪ್ಪ ತಲೆ ಎತ್ತಿದರು.

ದೊಡ್ಡಪ್ಪನೇ ಈ ಕೋಣೆಯನ್ನು ಶುರು ಮಾಡಿದವರು, ಅವಳಿಗೆ ಕೆಲಸ ಕಲಿಸಿದವರು. ವಯಸ್ಸಾಗಿ ಅವರ ದೃಷ್ಟಿಯೇ ಮಂದವಾಗಿದ್ದರಿಂದ ಈಗ ಬ್ರಷ್ ಹಿಡಿಯುತ್ತಿರಲಿಲ್ಲ. ಲ್ಯಾಪ್‌ಟಾಪಿನ ಜೊತೆ ಜಗಳವಾಡುತ್ತಿದ್ದರು.

"ತಮ್ಮಾ, ನೀನು ನೆಟ್ಟಿನವನಲ್ವಾ? ಇಲ್ಲಿ ಬಾ. ಈ ಡಬ್ಬದಲ್ಲಿ ಗಿರಾಕಿ ಕಳಿಸಿದ ಫೋಟೋ ನನಗೂ ಮಸುಕು, ಇವಳಿಗೂ ಮಸುಕು. ನೆಟ್ ಸರಿ ಇಲ್ದಿದ್ರೆ ಲ್ಯಾಪ್‌ಟಾಪಲ್ಲಿ ಚಿತ್ರ ಕೆಡುತ್ತಂತೆ, ಹೌದಾ?"

ಅವನ ಮುಖವೇ ಬದಲಾಯಿತು. ಗೊತ್ತಿರುವ ಕೆಲಸ ಸಿಕ್ಕಿದರೆ ಮನುಷ್ಯನಿಗೆ ಎಲ್ಲಿಲ್ಲದ ಜೀವ ಬರುತ್ತದೆ ನೋಡಿ! ಲ್ಯಾಪ್‌ಟಾಪಿನ ಮುಂದೆ ಬಗ್ಗಿದ.

"ಇದು ಇನ್ನೂ ನಿಮ್ಮ ಲ್ಯಾಪ್‌ಟಾಪಿಗೆ ಬಂದೇ ಇಲ್ಲ ಯಜಮಾನರೇ. ನೆಟ್ ನಿಧಾನ ಅಂತ ಮೊದಲು ಸಣ್ಣ ನಕಲು ತೋರಿಸ್ತಾ ಇದೆ. ಪೂರ್ತಿ ಇಳಿಸಿಕೊಳ್ಳಿ... ಹಾಂ. ಈಗ?"

ಚಿತ್ರ ಕನ್ನಡಿಯಂತೆ ಸ್ಪಷ್ಟವಾಯಿತು. ಅವನು ನೆಟ್ಟಿನ ವೈರನ್ನು ಕೈಯಿಂದ ಕಿತ್ತ.

"ಈಗ ನೆಟ್ ಇಲ್ಲವೇ ಇಲ್ಲ. ಫೋಟೋ ಮಸುಕಾಯ್ತಾ?"

"ಇಲ್ವಲ್ಲ!"

"ಒಂದ್ಸಲ ಪೂರ್ತಿ ಬಂದು ಕೂತ ಮೇಲೆ ಅದು ನಿಮ್ಮದು. ಆಮೇಲೆ ನೆಟ್ ಇರಲಿ, ಸಾಯಲಿ, ಚಿತ್ರಕ್ಕೆ ಏನೂ ಆಗಲ್ಲ. ವಿಡಿಯೋ ಕಾಲ್ ಮಾತ್ರ ಬೇರೆ. ಅದು ಆಗಿಂದಾಗ ಬರಬೇಕಲ್ಲ? ನೆಟ್ ಕಮ್ಮಿಯಾದ್ರೆ ಚಿತ್ರ ಚೌಕಚೌಕವಾಗಿ ಒಡೆಯುತ್ತೆ, ನಿಂತು ನಿಂತು ಬರುತ್ತೆ, ಮಾತು ತುಂಡಾಗುತ್ತೆ."

"ಹಾಗಾದ್ರೆ ವಿಡಿಯೋ ಕಾಲೇ ಮಾಡು," ಎಂದರು ದೊಡ್ಡಪ್ಪ. "ಭಾನುವಾರ ಬೆಳಗ್ಗೆ ಹತ್ತಕ್ಕೆ. ಫೋಟೋ ಬೇಡ ಅಂತೀಯಲ್ಲ, ಇದರಲ್ಲಿ ಏನೂ ಉಳಿಯಲ್ಲ."

ಅವನು ಒಲ್ಲದ ಮನಸ್ಸಿನಿಂದ ತಲೆಯಾಡಿಸಿ ತನ್ನ ನಂಬರು ಬರೆದುಕೊಟ್ಟ.

ಅವಳು ಒಂದು ರಟ್ಟಿನ ಪಟ್ಟಿಯ ಮೇಲೆ ಒಂಬತ್ತು ಬಗೆಯ ಕಂದು ಬಣ್ಣ ಬಳಿದು ನಂಬರು ಹಾಕಿದಳು. ಕಣ್ಣಿನ ಪಕ್ಕ ಇದನ್ನು ಹಿಡಿದರೆ, ಪರದೆಯಲ್ಲಿ ಬಣ್ಣ ಹೆಚ್ಚುಕಮ್ಮಿ ಕಂಡರೂ ಎರಡನ್ನೂ ಹೋಲಿಸಿ ನೋಡಬಹುದು. ಪಟ್ಟಿ ಮಡಚಿಕೊಳ್ಳದಿರಲೆಂದು ಇನ್ನೊಂದು ದಪ್ಪ ರಟ್ಟಿಗೆ ಮಂಜುಬಿಳುಪಿನ ಟೇಪಿನಿಂದ ಅಂಟಿಸಿ ಕೊಟ್ಟಳು.

"ಬಣ್ಣ ಸಿಕ್ಕಿದ್ರೆ ಕಣ್ಣು ಕೊರಿಯರ್ ಮಾಡ್ತೀನಿ, ಅಲ್ಲಿನ ಡಾಕ್ಟರು ಕೂರಿಸ್ತಾರೆ. ತಿಂಗಳೊಳಗೆ ಕೂರಿಸಬೇಕು. ಜಾಸ್ತಿ ದಿನ ಬಿಟ್ರೆ ರೆಪ್ಪೆ ಇನ್ನೂ ಇಳಿದುಬಿಡುತ್ತೆ. ನೆನಪಿರಲಿ," ಎಂದಳು.

"ನೆನಪಿರುತ್ತೆ ಮೇಡಮ್," ಎಂದ ಅವನು, ಕನ್ನಡಕ ಹಾಕಿಕೊಂಡು.

ಮೊದಲ ಭಾನುವಾರ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಏನು ಗೊತ್ತೇ? ಮಂಜು!

ಮಂಜಿನೊಳಗೆ ಒಂದು ತಲೆ, ಎರಡು ಭುಜ. ಕಣ್ಣಿರಬೇಕಾದ ಕಡೆ ಎರಡು ಕಪ್ಪು ನೆರಳು.

"ಏನ್ರೀ ಇದು! ಏನೂ ಕಾಣ್ತಿಲ್ಲ!"

"ನೆಟ್ ಸರಿ ಇಲ್ಲ ಮೇಡಮ್."

"ನೆಟ್ ಕಂಪನಿಯವರ ಮನೇಲೇ ನೆಟ್ ಸರಿ ಇಲ್ವಾ?"

"ಅಡುಗೆಯವನ ಮನೇಲಿ ಅವನಿಗೆ ಬಿಸಿ ಊಟ ಸಿಗಲ್ಲ ಮೇಡಮ್, ಹಾಗೇ."

ಅವಳು ಲ್ಯಾಪ್‌ಟಾಪಿನ ಪರದೆ ಒರೆಸಿದಳು. ಬೆಳಕು ಹೆಚ್ಚು ಕಮ್ಮಿ ಮಾಡಿದಳು. ಜಪ್ಪಯ್ಯ ಎಂದರೂ ಮಂಜು ಸರಿಯಲಿಲ್ಲ. ಮೂರನೇ ಕಂದೋ ಐದನೇ ಕಂದೋ ಗೊತ್ತಾಗದೆ ಮುಂದಿನ ಭಾನುವಾರಕ್ಕೆ ಹಾಕಿದಳು.

ಮುಂದಿನ ಭಾನುವಾರವೂ ಮಂಜು. ಅದರ ಮುಂದಿನದೂ ಮಂಜು.

ಆದರೆ ಮಾತಿಗೆ ಯಾವ ಮಂಜೂ ಇರಲಿಲ್ಲ. ಬಣ್ಣದ ಪಟ್ಟಿ ಹಿಡಿದು ಹತ್ತು ನಿಮಿಷ, ಆಮೇಲೆ ಒಂದು ಗಂಟೆ ಮಾತು. ಕಂಬದ ತುದಿಯಿಂದ ಊರು ಹೇಗೆ ಕಾಣುತ್ತದೆಂದು ಅವನು ಹೇಳುತ್ತಿದ್ದ. ಯಾರ ಮನೆಯ ತಾರಸಿಯಲ್ಲಿ ಯಾರು ಒಬ್ಬರೇ ಕೂತು ಹಾಡಿಕೊಳ್ಳುತ್ತಾರೆ, ಯಾವ ಕಿಟಕಿಯಲ್ಲಿ ಅಜ್ಜಿಯೊಬ್ಬರು ದಿನಾ ಇವನಿಗೆ ಕೈಬೀಸುತ್ತಿದ್ದರು...

"ಈಗ ಅವರಿಗೆ ಕೈಬೀಸೋರು ಯಾರು?" ಎಂದು ಕೇಳಿದ್ದಳು ಅವಳು.

"ಇದನ್ನ ಇದುವರೆಗೆ ಯಾರೂ ಕೇಳಿರಲಿಲ್ಲ ಮೇಡಮ್. ಎಲ್ಲರೂ ಕೇಳೋದು ನೋವಾಯ್ತಾ ಅಂತ."

ಅವಳೂ ಹೇಳಿಕೊಂಡಳು. ಮೊದಲ ಸಲ ತಾನು ಬರೆದ ಕಣ್ಣು ಹಾಕಿಕೊಂಡ ಹೆಂಗಸು ಕನ್ನಡಿ ನೋಡಿ ಅತ್ತದ್ದು. ಅವತ್ತು ತಾನೂ ಅತ್ತು, ಬಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ದಿನವಿಡೀ ಹಸಿರು ಕೆನ್ನೆ ಇಟ್ಟುಕೊಂಡು ಓಡಾಡಿದ್ದು.

"ಈಗಲೂ ಹಾಗೇ ಇದೀರಲ್ಲ. ನಿಮ್ಮ ಎಡಗಿವಿ ಕೆಳಗೆ ಸಾಸಿವೆಕಾಳಿನಷ್ಟು ಹಸಿರು ಬಣ್ಣ ಹತ್ತಿದೆ," ಎಂದ ಅವನು.

ಅವಳು ನಾಚಿ ಸೆರಗಿನಿಂದ ಒರೆಸಿಕೊಂಡಳು. ಬೆಪ್ಪು ಹುಡುಗಿ! ನಾಚುವುದರ ಬದಲು ಅವತ್ತೇ ಒಂದು ಪ್ರಶ್ನೆ ಕೇಳಬೇಕಿತ್ತು. ಆದರೆ ಆ ಹೊತ್ತಿನಲ್ಲಿ ಯಾರಿಗೆ ಬುದ್ಧಿ ಓಡುತ್ತದೆ, ನೀವೇ ಹೇಳಿ?

"ಭಾನುವಾರಾನೂ ಕೆಲಸಾನಾ ಮಗಳೇ?" ಎಂದು ದೊಡ್ಡಪ್ಪ ಛೇಡಿಸುತ್ತಿದ್ದರು. "ನನಗೆ ಕಣ್ಣು ಕಾಣಲ್ಲ ನಿಜ. ಆದ್ರೆ ನೀನು ಇಸ್ತ್ರಿ ಮಾಡಿದ ಸೀರೆ ಉಟ್ಟಿರೋದು ವಾಸನೆಯಲ್ಲೇ ಗೊತ್ತಾಗುತ್ತೆ. ಹೇಗಿದ್ದಾನೆ ನಿನ್ನ ಕಂಬದರಾಯ?"

"ಮಸುಕಾಗಿದ್ದಾರೆ!" ಎಂದು ಸಿಡುಕಿ ಎದ್ದು ಹೋಗುತ್ತಿದ್ದಳು.

ಆ ಮಸುಕು ಚಿತ್ರಕ್ಕಾಗಿಯೇ ಅವಳು ವಾರವಿಡೀ ಕಾಯುತ್ತಿದ್ದಳು. ಹೌದು, ಪ್ರೀತಿಯೇ. ಬಾಯಿಬಿಟ್ಟು ಹೇಳಿಬಿಡುತ್ತೇನೆ, ಸುತ್ತಿ ಬಳಸುವುದೇಕೆ? ನೂರಾರು ಕಣ್ಣುಗಳನ್ನು ಹತ್ತಿರದಿಂದ ಕಂಡ ಹೆಣ್ಣು, ಮುಖವೇ ಸರಿಯಾಗಿ ಕಾಣದವನಿಗೆ ಮನಸ್ಸು ಕೊಟ್ಟು ಕೂತಿದ್ದಳು.

ನಾಲ್ಕನೇ ವಾರ ತಿಂಗಳು ಮುಗಿಯುತ್ತ ಬಂತು. ಮೊದಲ ದಿನದ ನೆನಪಿನಿಂದ, ಅಂದಾಜಿನಿಂದ, ನಾಲ್ಕನೇ ನಂಬರಿನ ಕಂದು ಹಿಡಿದು ಒಂದು ಬಿಲ್ಲೆ ಬರೆದಳು. ಮೇಲಿನ ಪದರ ಮುಚ್ಚುವ ಮೊದಲು ನೋಡಿಕೊಳ್ಳಲಿ ಎಂದು ಕೊರಿಯರ್ ಮಾಡಿದಳು. ಕಣ್ಣಿನ ಪಕ್ಕ ಹಿಡಿದು ಕನ್ನಡಿಯಲ್ಲಿ ನೋಡಿ ಹೇಳಿ ಎಂದು ಚೀಟಿ ಇಟ್ಟಳು.

"ಸರಿಯಾಗಿದೆ ಮೇಡಮ್," ಎಂದು ಅವನಿಂದ ಸಂದೇಶ ಬಂತು.

ಮರುದಿನ ಕೋಣೆಯ ಫೋನು ಹೊಡೆದುಕೊಂಡಿತು. ಹೆಂಗಸಿನ ದನಿ.

"ನಾನು ಅವನ ಅಕ್ಕ ಮಾತಾಡೋದು. ನೀವೇನಾ ಬಣ್ಣ ಬರೆಯೋರು? ತಪ್ಪು ತಿಳ್ಕೋಬೇಡಿ ತಾಯೀ, ಈ ಬಿಲ್ಲೆ ಅವನ ಕಣ್ಣಿಗೆ ಒಂಚೂರೂ ಹೊಂದಲ್ಲ. ಅವನದು ಜೇನಿನ ಬಣ್ಣ, ಇದು ಕಾಫಿಪುಡಿ ಆಗಿದೆ!"

"ಆದ್ರೆ... ಅವರೇ ಕನ್ನಡಿ ನೋಡಿ ಸರಿಯಾಗಿದೆ ಅಂದ್ರಲ್ಲ?"

"ಕನ್ನಡೀನಾ? ಎಂಟು ತಿಂಗಳಾಯ್ತು ಅವನು ಕನ್ನಡಿ ನೋಡಿ. ತನ್ನ ಕೋಣೆಯ ಕನ್ನಡಿಗೆ ಟವೆಲ್ ಹೊದಿಸಿದ್ದಾನೆ. ಅಲ್ಲ, ನೀವು ಪ್ರತಿ ವಾರ ವಿಡಿಯೋದಲ್ಲಿ ನೋಡ್ತೀರಲ್ಲ, ಬಣ್ಣ ಕಾಣಿಸಲ್ವಾ?"

"ನಿಮ್ಮನೇಲಿ ನೆಟ್ ಸರಿ ಇಲ್ವಲ್ಲ..."

"ಯಾರು ಹೇಳಿದ್ದು? ನಾನು ದಿನಾ ಮಗಳ ಜೊತೆ ವಿಡಿಯೋದಲ್ಲಿ ಮಾತಾಡ್ತೀನಿ. ಅವಳ ಮೂಗುತಿಯ ಹರಳು ಎಣಿಸಬಹುದು, ಹಾಗೆ ಕಾಣುತ್ತೆ!"



ಅವಳು ಫೋನಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಳು. ಅವನೇ ಹೇಳಿಕೊಟ್ಟ ಪಾಠ ಒಂದೊಂದೇ ನೆನಪಾಯಿತು. ನೆಟ್ ಕಮ್ಮಿಯಾದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ... ಒಡೆದಿರಲಿಲ್ಲ. ನಿಂತು ನಿಂತು ಬರುತ್ತದೆ... ಒಂದು ಸಲವೂ ನಿಂತಿರಲಿಲ್ಲ. ಮಾತು ತುಂಡಾಗುತ್ತದೆ... ಅವನ ಒಂದೇ ಒಂದು ಮಾತು ತಪ್ಪಿರಲಿಲ್ಲ! ನಾಲ್ಕು ವಾರವೂ ಒಂದೇ ತೆರನಾದ, ಒಂದಿಷ್ಟೂ ಕದಲದ ಮಂಜು.

ನೆಟ್ಟಿನ ಮಂಜು ಹಾಗಿರುವುದಿಲ್ಲ.

ಮತ್ತೆ ಅವನು? ಕಿವಿಯ ಕೆಳಗಿನ ಸಾಸಿವೆಕಾಳಿನಷ್ಟು ಬಣ್ಣವನ್ನೂ ಕಂಡಿದ್ದ.

ಐದನೇ ಭಾನುವಾರ ಹತ್ತಕ್ಕೆ ಸರಿಯಾಗಿ ಮಂಜು ಮೂಡಿತು.

"ನೆಟ್ ಹೇಗಿದೆ ಇವತ್ತು?" ಅವಳ ದನಿ ಬಲು ಮೆತ್ತಗಿತ್ತು.

"ಅದೇ ಹಾಡು ಮೇಡಮ್."

"ನಾನು ಎಷ್ಟು ಬೆರಳು ತೋರಿಸ್ತಿದೀನಿ?"

"ಮೂರು..." ಎಂದುಬಿಟ್ಟ ಅವನು.

"ಕ್ಯಾಮೆರಾ ಮೇಲೆ ಏನು ಅಂಟಿಸಿದೀರಿ?"

ಮಂಜಿನೊಳಗಿನ ತಲೆ ಬಾಗಿತು.

"ಟೇಪು. ಬಣ್ಣದ ಪಟ್ಟಿಗೆ ನೀವೇ ಹಾಕಿದ್ರಲ್ಲ, ಅದರ ತುಂಡು."

"ಯಾಕೆ?"

ಮಂಜಿನಲ್ಲಿ ಅವನ ಎಡಗೈ ಮೇಲೆದ್ದು ಮುಖಕ್ಕೆ ಅಡ್ಡ ಬಂತು.

"ಯಾಕ್ರೀ? ನನ್ನನ್ನ ಏನಂದ್ಕೊಂಡಿದೀರಿ? ಐದು ವಾರ ಇಲ್ಲಿ ಕಣ್ಣು ಕಿರಿದು ಮಾಡ್ಕೊಂಡು, ಮೂರನೇ ಕಂದೋ ನಾಲ್ಕನೇ ಕಂದೋ ಅಂತ ಒದ್ದಾಡಿದೀನಿ!"

"ನಿಮಗೇನು ಮೇಡಮ್, ಬಣ್ಣ ಸಿಕ್ಕಿದ್ರೆ ಆಯ್ತು. ಕೆಲಸ ಮುಗೀತು," ಎಂದ ಅವನು, ಒಣಗಿದ ದನಿಯಲ್ಲಿ.

ಆ ಮಾತು ಅವಳಿಗೆ ಚೂರಿ ಹಾಕಿದ ಹಾಗಾಯಿತು. ಕೆಲಸ! ಹಾಗಾದರೆ ಇಷ್ಟು ದಿನ ತಾನು ಅವನಿಗೆ ಬರೀ ಕೆಲಸದವಳು!

"ನೀವು ನನ್ನನ್ನ ಕಿವಿಯ ಚುಕ್ಕೆವರೆಗೂ ನೋಡಿದ್ರಿ. ನನಗೆ ಮಾತ್ರ ಮಂಜು ತೋರಿಸಿದ್ರಿ. ಇದು ಯಾವ ಊರ ನ್ಯಾಯ?" ಅವಳು ಲ್ಯಾಪ್‌ಟಾಪಿನ ಅಂಚು ಹಿಡಿದಳು. "ಇನ್ಮೇಲೆ ಫೋನ್ ಮಾಡಬೇಡಿ. ಬೇರೆ ಯಾರ ಹತ್ರ ಆದ್ರೂ ಬರೆಸಿಕೊಳ್ಳಿ!"

ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

ಅದರ ಮುಂದಿನ ಭಾನುವಾರ ಹತ್ತು ಗಂಟೆಗೆ ಅವಳು ಕಪಾಟು ಒರೆಸಿದಳು. ಆಮೇಲಿನ ಭಾನುವಾರ ಒರೆಸಿದ ಕಪಾಟನ್ನೇ ಇನ್ನೊಮ್ಮೆ ಒರೆಸಿದಳು.

"ಆ ಕಪಾಟು ಏನು ತಪ್ಪು ಮಾಡಿದೆ?" ಎಂದರು ದೊಡ್ಡಪ್ಪ.

"ಅವರು ನನಗೆ ಮೋಸ ಮಾಡಿದ್ರು ದೊಡ್ಡಪ್ಪಾ. ನನ್ನ ಮುಂದೆ ಮುಖ ತೋರಿಸಕ್ಕೂ ಇಷ್ಟ ಇಲ್ಲ ಅವರಿಗೆ."

ದೊಡ್ಡಪ್ಪ ತಡವಿಕೊಂಡು ಬಂದು ಅವಳ ಎದುರಿಗೆ ಕೂತರು.

"ನನಗೀಗ ಎಲ್ಲರೂ ಮಸುಕೇ ಮಗಳೇ. ಅದಕ್ಕೇ ಇಲ್ಲಿಗೆ ಬರೋರು ನನ್ನ ಪಕ್ಕ ಆರಾಮಾಗಿ ಕನ್ನಡಕ ತೆಗೆದು ಕೂರ್ತಾರೆ. ನಿನ್ನ ಮುಂದೆ ತೆಗೆಯಕ್ಕೆ ಹಿಂದೆಮುಂದೆ ನೋಡ್ತಾರೆ. ಯಾಕೆ ಗೊತ್ತಾ? ನಿನಗೆ ಎಲ್ಲಾ ಕಾಣುತ್ತೆ. ಒಂದು ಗೇಣು ದೂರದಿಂದ ನೋಡೋದು ನಿನಗೆ ದಿನದ ಕೆಲಸ. ನೋಡಿಸ್ಕೊಳ್ಳೋನ ಎದೆ ಹೇಗೆ ಹೊಡ್ಕೋತಿರುತ್ತೆ, ಒಂದ್ಸಲ ಆದ್ರೂ ಯೋಚನೆ ಮಾಡಿದೀಯಾ?"

ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಇಲ್ಲ. ಹನ್ನೊಂದು ವರ್ಷದಲ್ಲಿ ಯೋಚಿಸಿರಲಿಲ್ಲ.

"ಮುಖ ತೋರಿಸಕ್ಕೆ ಇಷ್ಟ ಇಲ್ದೋನು ಐದು ವಾರ ಹತ್ತು ಗಂಟೆಗೆ ಸರಿಯಾಗಿ ಬಂದು ಯಾಕೆ ಕೂತ? ಅದನ್ನೂ ಯೋಚನೆ ಮಾಡು," ಎಂದು ದೊಡ್ಡಪ್ಪ ಎದ್ದು ಹೋದರು.

ಸಂಜೆ ಅಕ್ಕನಿಂದ ಒಂದು ಫೋಟೋ ಬಂತು. 'ಅವನಿಗೆ ಗೊತ್ತಿಲ್ಲ ಕಳಿಸಿದ್ದು. ಕಳೆದ ವರ್ಷದ್ದು. ಏನಾದರೂ ಉಪಯೋಗಕ್ಕೆ ಬಂದರೆ ನೋಡಿ ತಾಯೀ. ಈ ನಡುವೆ ಅವನು ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ.'

ಅವತ್ತು ನೆಟ್ ನಿಜಕ್ಕೂ ಕೆಟ್ಟಿತ್ತು. ಮೊದಲು ಒಂದು ಸಣ್ಣ ಮಸುಕು ನಕಲು ಬಂದು ನಿಂತಿತು. ಅವಳು ಲ್ಯಾಪ್‌ಟಾಪಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕಾದಳು. ಎಷ್ಟೋ ಹೊತ್ತಿನ ಮೇಲೆ ಪೂರ್ತಿ ಚಿತ್ರ ಇಳಿದು ಬಂತು.

ಅಕ್ಕ ತಮ್ಮ ಕೆನ್ನೆಗೆ ಕೆನ್ನೆ ಹಚ್ಚಿ ನಗುತ್ತಿದ್ದ ಫೋಟೋ. ಎಡಗೈ ಕಣ್ಣಿಗೆ ಅಡ್ಡ ಬಂದಿರಲಿಲ್ಲ. ಎರಡು ಕಣ್ಣೂ ಜೇನಿನ ಬಣ್ಣ, ಅಂಚಿನಲ್ಲಿ ಒಂಚೂರು ಹಸಿರು. ಎಡಗಣ್ಣಿನ ಪಾಪೆಯ ಕೆಳಗೆ ಎಳ್ಳಿನಷ್ಟು ಒಂದು ಕಪ್ಪು ಮಚ್ಚೆ.

ಬಲಗಣ್ಣಲ್ಲಿ ಅದಿಲ್ಲ. ಬಲಗಣ್ಣು ನೋಡಿ ಬರೆದಿದ್ದರೆ ಆ ಮಚ್ಚೆ ಜಗತ್ತಿನಿಂದಲೇ ಹೋಗಿಬಿಡುತ್ತಿತ್ತು.

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ಚೆಂದ ನಗುತ್ತಿದ್ದ ಮನುಷ್ಯ ಕನ್ನಡಿಗೆ ಟವೆಲ್ ಹೊದಿಸಿ ಬದುಕುತ್ತಿದ್ದಾನೆ. ಅಂಥವನ ಹತ್ತಿರ ತಾನು ನ್ಯಾಯ ಕೇಳಿದ್ದಳು!

ಬ್ರಷ್ ಎತ್ತಿಕೊಳ್ಳಲು ಕೈ ಹೋಯಿತು. ತಡೆದುಕೊಂಡಳು. ಫೋಟೋ ಬೇಡ ಎಂದವನ ಫೋಟೋ ನೋಡಿ ಬರೆಯುವುದು ಹೇಗೆ? ಅವನನ್ನೇ ಕೇಳಬೇಕು. ಆದರೆ ಫೋನ್ ಮಾಡಬೇಡಿ ಎಂದವಳು ತಾನೇ ಹೇಗೆ ಮಾಡುವುದು? ಮೂಗಿನ ತುದಿಯ ಕೋಪ ಇಳಿದಿದ್ದರೂ ಮೂಗು ಇನ್ನೂ ಮೇಲೇ ಇತ್ತು ನೋಡಿ!

ಮರುದಿನ ಬೆಳಗ್ಗೆ ಅವಳು ಅವನ ಇಂಟರ್ನೆಟ್ ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿದಳು. ದೂರು ಕೊಡಲು ಯಾರಿಗೆ ಯಾರ ಅಡ್ಡಿ?

ಮೊದಲು ಸಿಕ್ಕಿದವಳು, "ರೌಟರ್ ಆಫ್ ಮಾಡಿ ಆನ್ ಮಾಡಿ ಮೇಡಮ್," ಎಂದಳು. ಇವಳು ಫೋನಿಟ್ಟಳು. ಎರಡನೆಯವನೂ ಅದನ್ನೇ ಅಂದ. ಐದನೇ ಸಲ ಮೊದಲಿನವಳೇ ಮತ್ತೆ ಸಿಕ್ಕಿ ದನಿ ಗುರುತು ಹಿಡಿದಳು.

"ಮೇಡಮ್, ಆಗಿನಿಂದ ನೀವೇ ಅಲ್ವಾ? ನಿಮ್ಮ ತೊಂದರೆ ಏನು?"

"ನನ್ನ ತೊಂದರೆ ಏಳನೇ ಮೇಜಿನವರಿಗೆ ಮಾತ್ರ ಅರ್ಥ ಆಗುತ್ತೆ."

ಆ ಕಡೆ ಕಿಸಕ್ಕನೆ ನಗು. ಕರೆ ಬೇರೆ ಮೇಜಿಗೆ ದಾಟಿದ ಸದ್ದು. ಆಮೇಲೆ...

"ನಮಸ್ಕಾರ, ದೂರು ಕೇಂದ್ರ. ನಾನು ನಿಮಗೆ ಹೇಗೆ ಸಹಾಯ ಮಾಡಲಿ?"

ಅದೇ ದನಿ. ಸೋತುಹೋಗಿತ್ತು.

"ನನ್ನ ಲ್ಯಾಪ್‌ಟಾಪಲ್ಲಿ... ಒಬ್ಬರ ಚಿತ್ರ ಮಸುಕಾಗಿ ಬರ್ತಾ ಇದೆ," ಎಂದಳು ಅವಳು. "ನೆಟ್ ತೊಂದರೆನಾ ಅಂತ ಕೇಳಬೇಕಿತ್ತು."

ಅವನು ಉಸಿರು ಹಿಡಿದುಕೊಂಡದ್ದು ಅವಳಿಗೆ ಕೇಳಿಸಿತು.

"ಮೇಡಮ್... ಈ ಕರೆ ರೆಕಾರ್ಡ್ ಆಗ್ತಾ ಇದೆ."

"ಆಗಲಿ. ನಾನು ಗಿರಾಕಿ. ಉತ್ತರ ಹೇಳಿ."

"ಚಿತ್ರ... ಒಡೆದು ಬರ್ತಿತ್ತಾ?"

"ಇಲ್ಲ."

"ಮಾತು ತುಂಡಾಗ್ತಿತ್ತಾ?"

"ಒಂದು ಮಾತೂ ತುಂಡಾಗಲಿಲ್ಲ. ಎಲ್ಲಾ ಮಾತೂ ನೆನಪಿದೆ."

"ಹಾಗಾದ್ರೆ ನೆಟ್ ತೊಂದರೆ ಅಲ್ಲ ಮೇಡಮ್." ಅವನು ತಡೆದ. "ಆ ಕಡೆಯವರ ತೊಂದರೆ. ಅವರು ಕ್ಯಾಮೆರಾಗೆ ಟೇಪ್ ಹಾಕಿರಬಹುದು."

"ಯಾಕೆ ಹಾಕ್ತಾರೆ?"

"ಮೊದಲ ವಾರ... ನಾಚಿಕೆಗೆ ಹಾಕಿರ್ತಾರೆ. ಎದುರಿಗಿರೋರ ಕಣ್ಣು ಅಷ್ಟು ಚೆನ್ನಾಗಿದ್ದಾಗ, ತಮ್ಮದನ್ನ ತೋರಿಸಕ್ಕೆ ಆಗಿರಲ್ಲ."

ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಮೇಲಿನ ವಾರಗಳಲ್ಲಿ?"

"ಮೂರನೇ ವಾರ ತೆಗೆಯೋಣ ಅಂತ ಉಗುರು ಹಾಕಿರ್ತಾರೆ ಮೇಡಮ್. ಆದ್ರೆ ತೆಗೆದ್ರೆ ಬಣ್ಣ ಕಾಣುತ್ತೆ. ಬಣ್ಣ ಕಂಡ್ರೆ ಕೆಲಸ ಮುಗಿಯುತ್ತೆ. ಕೆಲಸ ಮುಗಿದ್ರೆ... ಭಾನುವಾರ ಮುಗಿಯುತ್ತೆ. ಅದಕ್ಕೆ ಹಾಗೇ ಬಿಟ್ಟಿರ್ತಾರೆ."

ನಿಮಗೇನು ಮೇಡಮ್, ಕೆಲಸ ಮುಗೀತು... ಅವತ್ತಿನ ಆ ಮಾತು ಈಗ ಅವಳಿಗೆ ಬೇರೆಯಾಗಿ ಕೇಳಿಸಿತು. ಅದು ಬೈಗುಳವಲ್ಲ, ಭಯ. ಕಣ್ಣೀರು ಗಲ್ಲದ ಮೇಲೆ ಧಾರೆಯಾಗಿ ಇಳಿಯಿತು.

"ನಿಮ್ಮ ಅಕ್ಕ ಒಂದು ಫೋಟೋ ಕಳಿಸಿದಾರೆ," ಎಂದಳು. "ಎಡಗಣ್ಣಲ್ಲಿ ಎಳ್ಳಿನಷ್ಟು ಮಚ್ಚೆ ಇದೆ. ನೀವು ಹ್ಞೂಂ ಅಂದ್ರೆ ಮಾತ್ರ ಬರೀತೀನಿ. ಇಲ್ಲಾ ಅಂದ್ರೆ ಅಳಿಸಿಹಾಕ್ತೀನಿ."

ಆ ಕಡೆ ಸುತ್ತಲಿನ ಮೇಜುಗಳಲ್ಲಿ ಯಾರು ಯಾರಿಗೋ ರೌಟರ್ ಆಫ್ ಮಾಡಿ ಎನ್ನುವುದು ಮಾತ್ರ ಕೇಳುತ್ತಿತ್ತು.

"ಆ ಮಚ್ಚೆ ಇದ್ದದ್ದು ನನಗೇ ಮರೆತುಹೋಗಿತ್ತು," ಎಂದ ಅವನು ಕೊನೆಗೆ. "ಬರೀರಿ. ಅಳಿಸಬೇಡಿ."

"ಹಾಗಾದ್ರೆ ನನ್ನ ದೂರು?"

"ನಮ್ಮ ಸಿಬ್ಬಂದಿ ಭಾನುವಾರ ಹತ್ತು ಗಂಟೆಗೆ ಸ್ಥಳಕ್ಕೇ ಬಂದು ಸರಿ ಮಾಡ್ತಾರೆ ಮೇಡಮ್."

"ರಜೆ ಇಲ್ಲ ಅಂದಿದ್ರಲ್ಲ? ಎಂಟು ಗಂಟೆ ರೈಲು ಬೇರೆ!"

"ಭಾನುವಾರಕ್ಕೆ ಯಾರಪ್ಪನ ರಜೆ ಬೇಕು? ಶನಿವಾರ ಕೆಲಸ ಮುಗಿಸಿ ರೈಲು ಹತ್ತಿದ್ರೆ ಆಯ್ತು. ಮೊದಲ ದಿನವೇ ಇದು ಗೊತ್ತಿತ್ತು ಮೇಡಮ್... ಧೈರ್ಯ ಇರಲಿಲ್ಲ, ಅಷ್ಟೇ."

ಭಾನುವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಮೂರನೇ ಮಹಡಿಯ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ದೊಡ್ಡಪ್ಪ ಇದ್ದಕ್ಕಿದ್ದಂತೆ ಕೆಳಗೆ ಚಹಾ ಕುಡಿಯಲು ಹೊರಟರು.

"ಒಬ್ಬರೇ ಇಳೀತೀರಾ ದೊಡ್ಡಪ್ಪಾ?"

"ಮೂವತ್ತು ವರ್ಷ ಇಳಿದಿರೋ ಮೆಟ್ಟಿಲು. ನೀನು ನಿನ್ನ ದೂರು ನೋಡ್ಕೋ!"

ಅವನು ಬಾಗಿಲಲ್ಲಿ ನಿಂತಿದ್ದ. ಕಪ್ಪು ಕನ್ನಡಕವಿರಲಿಲ್ಲ. ಕಣ್ಣಿನ ಮೇಲೂ ಇರಲಿಲ್ಲ, ಜೇಬಿನಲ್ಲೂ ಇರಲಿಲ್ಲ. ರೈಲಿನಲ್ಲಿ ಎಂಟು ಗಂಟೆ, ಅಷ್ಟು ಜನರ ಎದುರು ಹಾಗೇ ಕೂತು ಬಂದಿದ್ದ.

ಹೊರಗೆ ಒಳ್ಳೆಯ ಬಿಸಿಲಿತ್ತು. ಅವನು ತಾನಾಗಿಯೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಅವಳು ಎದುರಿಗೆ ಕೂತಳು. ಮಧ್ಯೆ ಒಂದು ಗೇಣು.

"ನನ್ನನ್ನೇ ನೋಡಿ," ಎನ್ನಬೇಕಾಗಿ ಬರಲಿಲ್ಲ.

ಎರಡನೆಯದೂ ಅಲ್ಲ, ನಾಲ್ಕನೆಯದೂ ಅಲ್ಲ. ಒಂಬತ್ತು ಕಂದುಗಳಲ್ಲಿ ಯಾವುದೂ ಅಲ್ಲ. ಅವಳು ಹೊಸದಾಗಿ ಬಣ್ಣ ಕಲಸಿದಳು, ಜೇನು ಬರುವವರೆಗೆ. ಅಂಚಿಗೆ ಹಸಿರು ಎಳೆದಳು. ಕಡೆಗೆ ಉಸಿರು ಬಿಗಿಹಿಡಿದು, ಪಾಪೆಯ ಕೆಳಗೆ ಆ ಎಳ್ಳಿನಷ್ಟು ಮಚ್ಚೆ ಇಟ್ಟಳು. ಮೇಲಿನ ಪದರ ಗಟ್ಟಿಯಾಗಿ, ಉಜ್ಜಿ ಹೊಳಪಾಗಿ ಕಣ್ಣು ಸಿದ್ಧವಾಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತೂ ಅವನು ಅಲ್ಲಾಡಲಿಲ್ಲ.

"ಉಸಿರಾಡಬಹುದು ರೀ," ಎಂದಳು.

ಕಣ್ಣು ಕೂರಿಸಿ, ರೆಪ್ಪೆ ಸರಿಮಾಡಿ, ಕನ್ನಡಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ. ಅವಳು ತನ್ನ ಕೈಯನ್ನೂ ಸೇರಿಸಿ ಎತ್ತಿ ಹಿಡಿದಳು. ಒಂಬತ್ತು ತಿಂಗಳ ಮೇಲೆ ಅವನು ತನ್ನ ಮುಖ ನೋಡಿದ. ನೋಡುತ್ತಲೇ ಇದ್ದ. ಬಲಗಣ್ಣು ತುಂಬಿ ಬಂತು.

"ಅಕ್ಕ ಹೇಳ್ತಿದ್ದಳು, ನಾನು ಜಾತ್ರೇಲಿ ಕಳೆದುಹೋದ್ರೂ ಆ ಮಚ್ಚೆ ನೋಡಿ ಹುಡುಕ್ತೀನಿ ಅಂತ."

"ಕಳೆದುಹೋಗಬೇಡಿ," ಎಂದಳು ಅವಳು. "ಹುಡುಕಿ ಹುಡುಕಿ ಸಾಕಾಗಿದೆ ನನಗೆ."

ಅವನು ನಕ್ಕ. ಅವನ ಎಡಗೈ ಮೇಲಕ್ಕೇಳಲಿಲ್ಲ. ಅದು ಅವಳ ಕೈಯಲ್ಲಿತ್ತು.

"ಚಿತ್ರ ಈಗ ಹೇಗೆ ಬರ್ತಿದೆ ಮೇಡಮ್?"

"ಸ್ಪಷ್ಟವಾಗಿದೆ."

"ಹಾಗಾದ್ರೆ..." ಅವನು ಮೆಲ್ಲಗೆ ಕೇಳಿದ. ಅವನ ಭಯವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. "ದೂರು ಮುಗೀತು ಅಂತ ಬರ್ಕೊಳ್ಳಲಾ?"

"ಬರೆದ್ರೆ ಜೋಕೆ! ಅದು ಮುಗಿಯೋ ದೂರಲ್ಲ. ಪ್ರತಿ ಭಾನುವಾರ ಬಂದು ನೋಡಬೇಕು."

"ಎಷ್ಟು ಭಾನುವಾರ?"

"ಎಷ್ಟಿದಾವೋ ಅಷ್ಟೂ," ಎಂದು ಅವಳು ಅವನ ಕೈಯಿಂದ ಕನ್ನಡಿ ತೆಗೆದು ಪಕ್ಕಕ್ಕಿಟ್ಟಳು. "ಮತ್ತೆ ಆ ಮೇಡಮ್ ಅನ್ನೋದನ್ನ ಇವತ್ತಿಗೆ ನಿಲ್ಲಿಸು."